ನೋವಿನ ಜೊತೆ ಮರೆವೂ ಬಂದಿದೆ. ಇದು ವಯಸ್ಸಾ, ಮಾತ್ರೆಯಾ, ನೋವೇನಾ?

ಶ್ರೀನಗರದ ಸೊಸೆ

ಎಲ್ಲರಿಗೂ ನಮಸ್ಕಾರ. ನನ್ನ ವಯಸ್ಸು 44. ಸೊಂಟದ ಡಿಸ್ಕ್ ಜಾರಿ ಎಡಗಾಲಿನ ನರಕ್ಕೆ ಒತ್ತುತ್ತಿದೆ. ಆಪರೇಷನ್ ಸದ್ಯಕ್ಕೆ ಬೇಡ ಅಂದಿದ್ದಾರೆ. ಕೆಲವು ದಿನ ನೋವು ಕಡಿಮೆ, ಕೆಲವು ದಿನ ಜಾಸ್ತಿ. ಪೂರ್ತಿ ಹೋಗಿದ್ದು ಅಂತ ಇಲ್ಲ. ಅದಕ್ಕೆ ಹೇಗೋ ಹೊಂದಿಕೊಂಡಿದ್ದೇನೆ. ಪ್ರಶ್ನೆ ಬೇರೆ.

ನಾನು ಒಂದು ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಮೊದಲೆಲ್ಲ ಬಿಲ್ ನಂಬರನ್ನು ಒಮ್ಮೆ ನೋಡಿದರೆ ಸಾಕಿತ್ತು, ಟ್ಯಾಲಿಯಲ್ಲಿ ಹೊಡೆದು ಮುಂದಿನ ಬಿಲ್ಲಿಗೆ ಹೋಗುತ್ತಿದ್ದೆ. ಈಗ ಕಾಗದದಿಂದ ಸ್ಕ್ರೀನಿಗೆ ಕಣ್ಣು ತಿರುಗಿಸುವಷ್ಟರಲ್ಲಿ ಕೊನೆಯ ಮೂರು ಅಂಕಿ ಮಾಯ. ಮತ್ತೆ ಬಿಲ್ ನೋಡು, ಮತ್ತೆ ಸ್ಕ್ರೀನ್ ನೋಡು. ಜಿಎಸ್‌ಟಿ ರಿಟರ್ನ್ ಹಾಕುವ ವಾರದಲ್ಲಿ ಅಳುವುದೊಂದು ಬಾಕಿ. ಮನೆಯಲ್ಲಿ ಕುಕ್ಕರ್ ಎಷ್ಟು ಸಲ ಕೂಗಿತು ಅನ್ನುವ ಲೆಕ್ಕ ತಪ್ಪುತ್ತದೆ. ಮಾತಿನ ನಡುವೆ ಪದ ಸಿಗುವುದಿಲ್ಲ. ಮೊನ್ನೆ ಮಗಳಿಗೆ "ಆ... ಅದು ಕೊಡೇ, ಹಿಟ್ಟು ಸೋಸೋದು" ಅಂದೆ. ಜರಡಿ ಅನ್ನೋದು ನಾಲಿಗೆ ತುದಿಯಲ್ಲೇ ಕೂತಿತ್ತು, ಹೊರಗೆ ಬರಲಿಲ್ಲ.

ನಮ್ಮ ಅತ್ತೆಗೆ ಕೊನೆಗಾಲದಲ್ಲಿ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ ಇತ್ತು. ನೋಡಿಕೊಂಡವಳು ನಾನೇ. ಅದಕ್ಕೇ ಹೆದರಿಕೆ. ಡಾಕ್ಟರಿಗೆ ಹೇಳಿದರೆ "ಟೆನ್ಷನ್ ಮಾಡ್ಕೋಬೇಡಿ" ಅಂದರು. ನಮ್ಮೆಜಮಾನರು "ಮೊಬೈಲ್ ಕಡಿಮೆ ಮಾಡು" ಅನ್ನುತ್ತಾರೆ. ನೋವು ಇರುವ ಬೇರೆಯವರಿಗೂ ಹೀಗೆ ಆಗುತ್ತಾ?

ವಿಜಯನಗರ ವಾಕರ್

ಆಗುತ್ತೆ ಅಕ್ಕ, ನೂರಕ್ಕೆ ನೂರು. ನನ್ನದು ಕುತ್ತಿಗೆ, ಭುಜ. ಸಾಫ್ಟ್‌ವೇರ್ ಕೆಲಸ. ಬೆಳಗಿನ ಮೀಟಿಂಗಿನಲ್ಲಿ ಯಾರೋ ನನಗೇ ಒಪ್ಪಿಸಿದ ಕೆಲಸ, ಮಧ್ಯಾಹ್ನ ಅವರು ಬಂದು ಕೇಳಿದಾಗ "ಯಾವುದು?" ಅಂತೀನಿ. ಕಿವಿಗೆ ಬಿದ್ದಿರುತ್ತದೆ, ತಲೆಗೆ ಹೋಗಿರುವುದಿಲ್ಲ. ನೋವು ಕಡಿಮೆ ಇರುವ ದಿನ ಇದೇ ತಲೆ ಚೆನ್ನಾಗಿ ಓಡುತ್ತದೆ. ಅದೇ ನನಗೆ ಧೈರ್ಯ.

ಬಾದಾಮಿ ಹಾಲು

ರಾತ್ರಿ ಐದು ಬಾದಾಮಿ ನೆನೆಹಾಕಿ ಬೆಳಿಗ್ಗೆ ಸಿಪ್ಪೆ ಸುಲಿದು ತಿನ್ನಿ. ಜೊತೆಗೆ ಒಂದೆಲಗದ ಚಟ್ನಿ. ನಮ್ಮಜ್ಜಿಗೆ 90 ದಾಟಿದ್ದರೂ ಎಲ್ಲರ ಹುಟ್ಟಿದ ನಕ್ಷತ್ರ ನೆನಪಿತ್ತು.

ವಿಜಯನಗರ ವಾಕರ್

ನಿಮ್ಮಜ್ಜಿಗೆ ಅಕ್ಕನ ಹಾಗೆ ಸೊಂಟದಿಂದ ಕಾಲಿಗೆ ಇಳಿಯುವ ನರದ ನೋವು, ಸಯಾಟಿಕಾ ಇತ್ತಾ? 😄

ಬಾದಾಮಿ ಹಾಲು

ಇಲ್ಲ. ಆದರೂ ಚಟ್ನಿ ಚೆನ್ನಾಗಿರುತ್ತೆ, ತಿನ್ನಿ.

ಫಿಸಿಯೋ ಪದ್ಮನಾಭನಗರ

ನಾನು ಫಿಸಿಯೋಥೆರಪಿಸ್ಟ್. ಈ ಪ್ರಶ್ನೆಯನ್ನು ಪೇಷೆಂಟ್‌ಗಳು ಟೇಬಲ್ ಮೇಲೆ ಬೋರಲು ಮಲಗಿಕೊಂಡು ಕೇಳುತ್ತಾರೆ, ಎದುರು ಕೂತು ಕೇಳುವುದಿಲ್ಲ. ಅವರಿಗೆ ನಾಚಿಕೆ. ಹಾಗಾಗಿ ಇಲ್ಲಿ ಕೇಳಿದ್ದು ಒಳ್ಳೆಯದಾಯಿತು.

ಮೂರು ತಿಂಗಳಿಗಿಂತ ಜಾಸ್ತಿ ಇರುವ, ಅಥವಾ ಹೋಗಿ ಹೋಗಿ ಮತ್ತೆ ಬರುವ ನೋವನ್ನು ದೀರ್ಘಕಾಲದ ನೋವು ಅನ್ನುತ್ತಾರೆ. ಅದರ ಜೊತೆ ಗಮನ, ನೆನಪು, ಯೋಚನೆಯ ವೇಗ ಏರುಪೇರಾಗುವುದು ತುಂಬಾ ಸಾಮಾನ್ಯ. ಇಂಗ್ಲೆಂಡಿನ ಎಕ್ಲ್‌ಸ್ಟನ್ ಮತ್ತು ಬೆಲ್ಜಿಯಂನ ಕ್ರೋಂಬೆಜ್ ಅನ್ನುವ ಇಬ್ಬರು ಮನೋವಿಜ್ಞಾನಿಗಳು 1999ರಲ್ಲೇ ಇದನ್ನು ಸ್ಪಷ್ಟವಾಗಿ ಬರೆದರು. ನೋವಿನ ಕೆಲಸವೇ ಅಡ್ಡ ಬರುವುದು. ಒಲೆಗೆ ಕೈ ತಾಗಿದಾಗ ಬೇರೆ ಎಲ್ಲ ಬಿಟ್ಟು ಕೈ ಎಳೆದುಕೊಳ್ಳಬೇಕಲ್ವಾ? ಅದಕ್ಕಾಗಿ ನೋವಿಗೆ ಮಿದುಳಿನಲ್ಲಿ ಮೊದಲ ಮರ್ಯಾದೆ. ತೊಂದರೆ ಏನೆಂದರೆ, ಡಿಸ್ಕ್ ನೋವಿನಲ್ಲಿ ಕೈ ಎಳೆದುಕೊಳ್ಳಲು ಏನೂ ಇಲ್ಲ, ಆದರೂ ಗಂಟೆ ಹೊಡೆಯುತ್ತಲೇ ಇರುತ್ತದೆ. ಪಕ್ಕದ ಮನೆಯಲ್ಲಿ ದಿನವಿಡೀ ಗೋಡೆಗೆ ಡ್ರಿಲ್ ಹಾಕುತ್ತಿದ್ದರೆ ನೀವು ಲೆಕ್ಕ ಬರೆಯಬಹುದು, ಆದರೆ ಅರ್ಧ ಶಕ್ತಿ ಆ ಸದ್ದನ್ನು ತಡೆಯುವುದಕ್ಕೇ ಖರ್ಚು.

ಬಿಲ್ ನಂಬರ್ ವಿಷಯ ನೋಡಿ. ಕಾಗದದಿಂದ ಸ್ಕ್ರೀನಿಗೆ ಹೋಗುವವರೆಗೆ ಆ ಅಂಕಿಗಳನ್ನು ಕೆಲವೇ ಸೆಕೆಂಡು ಹಿಡಿದಿಟ್ಟುಕೊಳ್ಳುವ ಜಾಗಕ್ಕೆ ವರ್ಕಿಂಗ್ ಮೆಮೊರಿ ಅನ್ನುತ್ತಾರೆ. ಅದು ಎಲ್ಲರಿಗೂ ಚಿಕ್ಕದೇ. ಅದರಲ್ಲಿ ನೋವೂ ಒಂದು ಜಾಗ ಹಿಡಿದರೆ ಉಳಿದದ್ದು ಸಾಲುವುದಿಲ್ಲ. ನೋವಿಗೆ ಅಂತ ಮಿದುಳಿನಲ್ಲಿ ಬೇರೆ ಕೋಣೆ ಇಲ್ಲ. ಗಮನ, ತೀರ್ಮಾನ, ಭಾವನೆ ನೋಡಿಕೊಳ್ಳುವ ಭಾಗಗಳೇ ನೋವಿನಲ್ಲೂ ದುಡಿಯುತ್ತವೆ.

ಆದ್ದರಿಂದ ನೀವು "ಮರೆತೆ" ಅನ್ನುವುದರಲ್ಲಿ ಬಹಳಷ್ಟು ಮೊದಲೇ ಒಳಗೆ ಹೋಗಿರುವುದಿಲ್ಲ. ಒಳಗೆ ಹೋಗದ್ದು ನೆನಪಾಗುವುದಾದರೂ ಎಲ್ಲಿಂದ?

ಎಂಟನೇ ಕ್ರಾಸ್

ಸ್ವಲ್ಪ ಖಾರವಾಗಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನನಗೂ ಮಂಡಿ ನೋವು ಬಹಳ ವರ್ಷದಿಂದ ಇದೆ. ಮಲ್ಲೇಶ್ವರದ ಮಾರ್ಕೆಟ್ಟಿನಲ್ಲಿ ಯಾವ ಅಂಗಡಿಯಲ್ಲಿ ಏನು ರೇಟು ಅಂತ ಇವತ್ತೂ ಹೇಳುತ್ತೇನೆ. ಎಲ್ಲದಕ್ಕೂ ನೋವು ಕಾರಣ ಅಂದರೆ ಹೇಗೆ? ವಯಸ್ಸು, ಟೆನ್ಷನ್, ನಿದ್ದೆ, ಮೊಬೈಲು ಯಾವುದೂ ಲೆಕ್ಕಕ್ಕಿಲ್ವಾ?

ಫಿಸಿಯೋ ಪದ್ಮನಾಭನಗರ

ಎಲ್ಲರಿಗೂ ಆಗುತ್ತದೆ ಅಂತ ನಾನು ಹೇಳಿಲ್ಲ ಸಾರ್. 2007ರಲ್ಲಿ ಕೆನಡಾದಲ್ಲಿ ಡಿಕ್ ಮತ್ತು ರಶೀಕ್ ಅನ್ನುವವರು 24 ಮಂದಿ ನೋವಿನ ರೋಗಿಗಳಿಗೆ ಗಮನದ ಪರೀಕ್ಷೆ ಕೊಟ್ಟಿದ್ದರು. ಮೂರರಲ್ಲಿ ಎರಡು ಪಾಲು ಜನರಿಗೆ ಎದ್ದು ಕಾಣುವ ತೊಂದರೆ ಇತ್ತು. ಅಂದರೆ ಒಂದು ಪಾಲು ಜನ ನಿಮ್ಮ ಹಾಗೆ. ಚಿಕ್ಕ ಅಧ್ಯಯನ, ಅದನ್ನೂ ಹೇಳಿಬಿಡುತ್ತೇನೆ.

ಇನ್ನು ಟೆನ್ಷನ್, ನಿದ್ದೆ ಲೆಕ್ಕಕ್ಕಿಲ್ಲ ಅಂತ ಅಲ್ಲ. ನೋವಿನಿಂದ ನಿದ್ದೆ ಕೆಡುತ್ತದೆ. ನಿದ್ದೆಗೆಟ್ಟರೆ ಮರುದಿನ ನೋವು ಜಾಸ್ತಿ ಕಾಣುತ್ತದೆ, ತಲೆಯೂ ಮಂಕು. ದಿನದಲ್ಲಿ ನಡೆದದ್ದನ್ನು ನೆನಪಾಗಿ ಗಟ್ಟಿ ಮಾಡುವ ಕೆಲಸ ಬಹುಮಟ್ಟಿಗೆ ನಿದ್ದೆಯಲ್ಲೇ ಆಗುವುದು. ಇವನ್ನು ಬಿಡಿಸಿ ಬೇರೆ ಬೇರೆ ಡಬ್ಬಕ್ಕೆ ಹಾಕಲು ಆಗುವುದಿಲ್ಲ. "ನೋವಾ, ಟೆನ್ಷನ್ನಾ" ಅನ್ನುವ ಜಗಳದಲ್ಲೇ ಅರ್ಧ ಪೇಷೆಂಟ್‌ಗಳು ಸೊರಗುತ್ತಾರೆ.

ಎಂಟನೇ ಕ್ರಾಸ್

ಸರಿ, ನಿದ್ದೆ ವಿಷಯ ಒಪ್ಪಿದೆ. ನಾನು ಹಾಸಿಗೆಗೆ ಬಿದ್ದರೆ ಕಲ್ಲು. ಅದೇ ಕಾರಣ ಇರಬಹುದು.

ರಾತ್ರಿ ಪಾಳಿ

ಈ ಚರ್ಚೆ ಓದಿ ನಿನ್ನೆ ರಾತ್ರಿ ಹುಡುಕಿದೆ. ಹುಡುಕಬಾರದಿತ್ತು. 2004ರಲ್ಲಿ ಒಂದು ಸಂಶೋಧನೆ ಬಂದಿದೆಯಂತೆ. ಬೆನ್ನುನೋವು ಇರುವವರ ಮಿದುಳು ಕುಗ್ಗುತ್ತದೆ, ಅದು 10ರಿಂದ 20 ವರ್ಷ ವಯಸ್ಸಾದದ್ದಕ್ಕೆ ಸಮ ಅಂತ! ನನಗೆ 31. ಅಂದರೆ ನನ್ನ ಮಿದುಳಿಗೆ 50 ಆಯ್ತಾ? ಯಾರಾದರೂ ಗೊತ್ತಿರುವವರು ಹೇಳಿ ದಯವಿಟ್ಟು. ಕೆಲಸದಲ್ಲಿ ಕೂರೋಕೂ ಆಗ್ತಿಲ್ಲ.

ನರಗಳ ಓದುಗ

ಗಾಬರಿ ಬೇಡ. ಆ ಪ್ರಬಂಧವನ್ನು ನಾನು ಪಾಠಕ್ಕಾಗಿ ಓದಿದ್ದೇನೆ. ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇದರ ಅರ್ಧ ಭಾಗ ಮಾತ್ರ ವಾಟ್ಸಾಪಿನಲ್ಲಿ ಓಡಾಡುತ್ತದೆ.

ಶಿಕಾಗೋದ ಆಪ್ಕೇರಿಯನ್ ಮತ್ತು ಜೊತೆಯವರು ಮಾಡಿದ ಕೆಲಸ ಅದು. ಹಳೇ ಬೆನ್ನುನೋವಿನ 26 ಜನರನ್ನು ನೋವಿಲ್ಲದವರ ಜೊತೆ ಹೋಲಿಸಿದರು. ನೋವಿದ್ದವರಲ್ಲಿ ಮಿದುಳಿನ ಹೊರಪದರದ ಬೂದು ಭಾಗ 5ರಿಂದ 11 ಶೇಕಡಾ ಕಡಿಮೆ ಕಂಡಿತು. ಹಣೆಯ ಹಿಂದೆ ಇರುವ, ಯೋಜನೆ ಮಾಡುವ ಮತ್ತು ವರ್ಕಿಂಗ್ ಮೆಮೊರಿ ನೋಡಿಕೊಳ್ಳುವ ಭಾಗದಲ್ಲಿ ಅದು ಎದ್ದು ಕಂಡಿತು. 10–20 ವರ್ಷದ ಮಾತು ಬಂದದ್ದು ಇಲ್ಲಿಂದ. ಅಂಕಿ ನಿಜ. ಆದರೆ ಆ ಸ್ಕ್ಯಾನ್ ಒಂದೇ ಸಲದ ಫೋಟೋ. ನೋವಿನಿಂದ ಕಡಿಮೆಯಾಯಿತೋ, ಮೊದಲೇ ಕಡಿಮೆ ಇದ್ದವರಿಗೆ ನೋವು ಗಂಟುಬಿತ್ತೋ, ಫೋಟೋ ಹೇಳುವುದಿಲ್ಲ. ಬೂದು ಭಾಗ ಕಡಿಮೆ ಕಂಡರೆ ಜೀವಕೋಶ ಸತ್ತಿವೆ ಅಂತಲೂ ಅರ್ಥ ಅಲ್ಲ. ಜೀವಕೋಶಗಳ ಕವಲು, ನಡುವಿನ ನೀರು, ರಕ್ತ ಸಂಚಾರ ಬದಲಾದರೂ ಸ್ಕ್ಯಾನಿನಲ್ಲಿ ಹಾಗೇ ಕಾಣಬಹುದು.

ಈಗ ವಾಟ್ಸಾಪಿನಲ್ಲಿ ಬರದ ಅರ್ಧ. 2009ರಲ್ಲಿ ಜರ್ಮನಿಯವರು ಸೊಂಟದ ಕೀಲು ಸವೆದು ನೋವಿದ್ದವರನ್ನು ಕೀಲು ಬದಲಿಸುವ ಮೊದಲು ಮತ್ತು ನಂತರ ಸ್ಕ್ಯಾನ್ ಮಾಡಿದರು. ನೋವು ಹೋದ ಮೇಲೆ ಬೂದು ಭಾಗ ಮತ್ತೆ ಹೆಚ್ಚಿತು. 2011ರಲ್ಲಿ ಮಾಂಟ್ರಿಯಲ್‌ನವರು ಬೆನ್ನುನೋವಿನವರಲ್ಲೇ ನೋಡಿದರು. ಆಪರೇಷನ್ ಅಥವಾ ಬೆನ್ನಿನ ಕೀಲಿಗೆ ಇಂಜೆಕ್ಷನ್ ಆಗಿ ಆರು ತಿಂಗಳ ನಂತರ, ತೆಳ್ಳಗಾಗಿದ್ದ ಹಣೆಯ ಹಿಂದಿನ ಭಾಗ ಮತ್ತೆ ದಪ್ಪವಾಗಿತ್ತು. ಗಮನ ಬೇಡುವ ಲೆಕ್ಕ ಕೊಟ್ಟಾಗ ಆ ಭಾಗ ಕೆಲಸ ಮಾಡುವ ರೀತಿಯೂ ನೋವಿಲ್ಲದವರ ಹತ್ತಿರಕ್ಕೆ ಬಂದಿತ್ತು.

ಹಾಗಾಗಿ 31ಕ್ಕೆ 50 ಆಗಿಲ್ಲ. ಆದರೆ ನೋವನ್ನು "ಇರ್ಲಿ ಬಿಡು" ಅಂತ ಸುಮ್ನೆ ಸಹಿಸಬೇಡಿ. ಈ ಅಧ್ಯಯನಗಳಿಂದ ತೆಗೆದುಕೊಳ್ಳಬೇಕಾದ್ದು ಅದನ್ನೇ.

ರಾತ್ರಿ ಪಾಳಿ

ಥ್ಯಾಂಕ್ಸ್ ಸಾರ್. ಊಟ ಸೇರಿತು ಈಗ.

ಮೆಡಿಕಲ್ಸ್ ಕೌಂಟರ್

ಯಾರೂ ಮಾತ್ರೆ ಬಗ್ಗೆ ಕೇಳಲಿಲ್ಲ, ನಾನೇ ಕೇಳುತ್ತೇನೆ. ಮೇಡಂ, ಪ್ರಿಗಾಬಾಲಿನ್ ತಗೊಳ್ತಿದ್ದೀರಾ? ಕೌಂಟರಿನಲ್ಲಿ ನಿಂತು ನೋಡಿದ್ದು ಹೇಳುತ್ತೇನೆ. ನರದ ನೋವಿಗೆ ಬರುವ ಚೀಟಿಗಳಲ್ಲಿ ಪ್ರಿಗಾಬಾಲಿನ್ ಅಥವಾ ಗಾಬಾಪೆಂಟಿನ್, ಜೊತೆಗೆ ಮೀಥೈಲ್‌ಕೋಬಾಲಮಿನ್, ರಾತ್ರಿಗೆ ಅಮಿಟ್ರಿಪ್ಟಿಲಿನ್ ಅಥವಾ ನಾರ್ಟ್ರಿಪ್ಟಿಲಿನ್ ಪದೇ ಪದೇ ಇರುತ್ತವೆ. ಪ್ರಿಗಾಬಾಲಿನ್‌ನಿಂದ ತೂಕಡಿಕೆ, ತಲೆ ಸುತ್ತು, ಕೆಲವರಿಗೆ ಗಮನ ಮತ್ತು ನೆನಪಿನ ತೊಂದರೆ ಆಗುತ್ತದೆ. ಅಮಿಟ್ರಿಪ್ಟಿಲಿನ್‌ನಿಂದ ಬಾಯಿ ಒಣಗುವುದು, ಮಲಬದ್ಧತೆ, ತಲೆ ಮಂಕು. ವಯಸ್ಸಾದವರಿಗೆ ಅದು ಇನ್ನೂ ಜಾಸ್ತಿ. ಟ್ರಾಮಡಾಲ್ ಅನ್ನುವ ನೋವಿನ ಮಾತ್ರೆ ಕೂಡ ಮಂಕು ಬರಿಸುತ್ತದೆ. ಇದರ ಮೇಲೆ ನಿದ್ದೆ ಬರಲ್ಲ ಅಂತ ಅಲ್ಪ್ರಜೋಲಮ್, ಶೀತ ಅಂತ ಒಂದು ಸೆಟಿರಿಜಿನ್ ಸೇರಿದರೆ ಬೆಳಿಗ್ಗೆ ಕುಕ್ಕರ್ ಲೆಕ್ಕ ತಪ್ಪದೇ ಇನ್ನೇನು?

ಒಂದು ಮಾತು ಗಟ್ಟಿಯಾಗಿ: ಇದನ್ನು ಓದಿ ನಾಳೆಯೇ ಮಾತ್ರೆ ನಿಲ್ಲಿಸಬೇಡಿ. ಪ್ರಿಗಾಬಾಲಿನ್ ಆಗಲಿ, ಅಲ್ಪ್ರಜೋಲಮ್ ಆಗಲಿ, ದಿಢೀರ್ ಬಿಟ್ಟರೆ ಬೇರೆ ತೊಂದರೆ ಆಗುತ್ತದೆ. ಡಾಕ್ಟರೇ ಮೆಲ್ಲಗೆ ಇಳಿಸಬೇಕು.

ಶ್ರೀನಗರದ ಸೊಸೆ

ಹೌದು, ಪ್ರಿಗಾಬಾಲಿನ್ ಮತ್ತು ನಾರ್ಟ್ರಿಪ್ಟಿಲಿನ್ ಎರಡೂ ಇವೆ. ಮರೆವು ಮಾತ್ರೆಗಿಂತ ಮೊದಲೇ ಶುರುವಾಗಿತ್ತು, ಅದು ಖಾತ್ರಿ. ಆದರೆ ಬೆಳಿಗ್ಗೆ ಹತ್ತರವರೆಗೆ ತಲೆ ಭಾರ ಇರುವುದು ಮಾತ್ರೆ ಬಂದ ಮೇಲೆ. ರಾತ್ರಿ ಎಲ್ಲ ಕೆಲಸ ಮುಗಿದು ಹನ್ನೊಂದೂವರೆಗೆ ನುಂಗುತ್ತೇನೆ, ಐದೂವರೆಗೆ ಏಳುತ್ತೇನೆ. ಇದೂ ಕಾರಣ ಇರಬಹುದಾ?

ಮೆಡಿಕಲ್ಸ್ ಕೌಂಟರ್

ಇರಬಹುದು. ಎಷ್ಟು ಗಂಟೆಗೆ ನುಂಗುತ್ತೀರಿ, ಎಷ್ಟಕ್ಕೆ ಏಳುತ್ತೀರಿ ಅನ್ನುವುದನ್ನು ಡಾಕ್ಟರಿಗೆ ಹೇಳಿ. ಅವರು ಹೊತ್ತು ಹಿಂದಕ್ಕೆ ತರಬಹುದು, ಡೋಸ್ ಬದಲಿಸಬಹುದು. ನೀವು ಹೇಳದೆ ಅವರಿಗೆ ತಿಳಿಯಲ್ಲ.

ಗಾಂಧಿಬಜಾರ್ ಮೊಮ್ಮಗ

ಹಿರಿಯರ ವಿಷಯ ಸೇರಿಸುತ್ತೇನೆ. ಅಮೆರಿಕದಲ್ಲಿ 60 ದಾಟಿದ 10,000ಕ್ಕೂ ಜಾಸ್ತಿ ಜನರನ್ನು ವರ್ಷಗಟ್ಟಲೆ ಗಮನಿಸಿದ ಒಂದು ಅಧ್ಯಯನ 2017ರಲ್ಲಿ ಬಂತು. ಬಿಡದೆ ನೋವು ಇದ್ದವರಲ್ಲಿ ನೆನಪು ಕುಗ್ಗುವ ವೇಗ ಉಳಿದವರಿಗಿಂತ ಶೇಕಡಾ 9.2 ಜಾಸ್ತಿ ಇತ್ತು. ನೋವೇ ಕಾರಣ ಅಂತ ಅದು ಸಾಬೀತು ಮಾಡಿಲ್ಲ, ಎರಡೂ ಜೊತೆಗೆ ಇದ್ದವು ಅಷ್ಟೇ. ಆದರೂ ನಮ್ಮ ಮನೆಗಳಲ್ಲಿ ಏನಾಗುತ್ತದೆ ನೋಡಿ. ಅಜ್ಜಿ "ಮಂಡಿ ನೋವು" ಅಂದರೆ "ವಯಸ್ಸಾಯ್ತಲ್ಲ". ಅಜ್ಜಿ ಮರೆತರೆ "ವಯಸ್ಸಾಯ್ತಲ್ಲ". ಎರಡಕ್ಕೂ ಅದೇ ಉತ್ತರ. ನಮ್ಮಜ್ಜಿ ಮಾತ್ರೆ ಕೂಡ ಕೇಳುವುದಿಲ್ಲ, ಸೊಸೆಗೆ ತೊಂದರೆ ಅಂತ ಸುಮ್ಮನೆ ಕೂತಿರುತ್ತಾರೆ. ದೇವಸ್ಥಾನಕ್ಕೆ ಹೋಗುವುದು ನಿಂತಿತು, ಪಕ್ಕದ ಮನೆಯವರ ಜೊತೆ ಹರಟೆ ನಿಂತಿತು. ನೋವಿಗಿಂತ ಆ ಒಂಟಿತನವೇ ತಲೆ ತಿನ್ನುತ್ತದೆ ಅನ್ನೋದು ನನ್ನ ಅನಿಸಿಕೆ.

ಹದಿನೆಂಟು ಚುಕ್ಕಿ

ನನಗೆ ಫೈಬ್ರೊಮಯಾಲ್ಜಿಯಾ. ಮೈಯೆಲ್ಲ ನೋವು, ಸ್ಕ್ಯಾನಿನಲ್ಲಿ ಏನೂ ಇಲ್ಲ, ರಕ್ತದಲ್ಲಿ ಏನೂ ಇಲ್ಲ. "ನಾಟಕ" ಅನ್ನುವ ಮಾತು ಮನೆಯಲ್ಲೂ ಕೇಳಿದ್ದೇನೆ, ಒಂದು ಆಸ್ಪತ್ರೆಯ ಕೋಣೆಯಲ್ಲೂ ಕೇಳಿದ್ದೇನೆ. 1990ರ ಅಮೆರಿಕನ್ ನಿಯಮದಲ್ಲಿ ಮೈಮೇಲೆ 18 ಜಾಗ ಒತ್ತಿ ನೋಡುತ್ತಿದ್ದರು, 11 ಕಡೆ ನೋವು ಅಂದರೆ ಈ ಕಾಯಿಲೆ. 2010ರಲ್ಲಿ ಬಂದ ಹೊಸ ನಿಯಮದಲ್ಲಿ ಆ ಒತ್ತುವ ಪರೀಕ್ಷೆ ಇಲ್ಲ. ಆಯಾಸ, ನಿದ್ದೆಯಿಂದ ಎದ್ದರೂ ದಣಿವು, ಜೊತೆಗೆ ಯೋಚನೆ ಮತ್ತು ನೆನಪಿನ ತೊಂದರೆ ಎಷ್ಟಿದೆ ಅಂತ ಅಂಕ ಹಾಕುತ್ತಾರೆ. ಕಾಯಿಲೆ ಗುರುತಿಸುವ ಪಟ್ಟಿಯಲ್ಲೇ ಮರೆವು ಇದೆ ಅಂತ ಡಾಕ್ಟರ್ ತೋರಿಸಿದ ದಿನ ನಾನು ಅಲ್ಲೇ ಅತ್ತುಬಿಟ್ಟೆ. ನೋವಿಗಲ್ಲ. ಇಷ್ಟು ದಿನ ನಾನು ದಡ್ಡಿ ಆಗುತ್ತಿದ್ದೇನೆ ಅಂದುಕೊಂಡಿದ್ದೆನಲ್ಲ, ಅದಕ್ಕೆ.

ಶ್ರೀನಗರದ ಸೊಸೆ

ತಂಗಿ, ನಿಮ್ಮ ಮಾತು ಓದಿ ಕಣ್ಣು ತುಂಬಿತು. ದಡ್ಡಿ ಅಲ್ಲ ನೀವು.

ವಿಜಯನಗರ ವಾಕರ್

ಒಂದು ಪ್ರಾಯೋಗಿಕ ಪ್ರಶ್ನೆ. ಆಫೀಸಿನಲ್ಲಿ ಹೇಳಬೇಕಾ, ಬೇಡ್ವಾ? "ನೋವಿಂದ ಮರೆವು" ಅಂದರೆ ಅಪ್ರೈಸಲ್ ಹೋಯ್ತು ಅನ್ನೋ ಭಯ.

ಮಾಜಿ ಎಚ್‌ಆರ್

ಕಾಯಿಲೆಯ ಹೆಸರಿನಿಂದ ಶುರು ಮಾಡಬೇಡಿ. ಬೇಕಾದ್ದನ್ನು ಕೇಳಿ. "ಕೆಲಸ ಬಾಯಲ್ಲಿ ಹೇಳುವ ಬದಲು ಮೇಲ್ ಹಾಕಿ, ತಪ್ಪಾಗುವುದಿಲ್ಲ" ಅಂದರೆ ಯಾವ ಮ್ಯಾನೇಜರೂ ಬೇಡ ಅನ್ನುವುದಿಲ್ಲ. ನಿಂತು ಕೆಲಸ ಮಾಡುವ ಮೇಜು, ವಾರದಲ್ಲಿ ಕೆಲವು ದಿನ ಮನೆಯಿಂದ ಕೆಲಸ, ಇವಕ್ಕೆ ಡಾಕ್ಟರ ಚೀಟಿ ಇದ್ದರೆ ಸುಲಭ. ಕಾನೂನಿನ ಕಡೆಯಿಂದ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ, ಆದರೆ ದೀರ್ಘಕಾಲದ ನೋವು ಅಂತ ಬೇರೆ ಹೆಸರಿಲ್ಲ.

ಫಿಸಿಯೋ ಪದ್ಮನಾಭನಗರ

ಕೆಲಸದ ವಿಷಯಕ್ಕೆ ನನ್ನದೊಂದು ಸೇರ್ಪಡೆ. ನೋವು ಏರಿದ ಮೇಲೆ ಎದ್ದು ಓಡಾಡುವುದಲ್ಲ, ಏರುವ ಮೊದಲೇ ಏಳಬೇಕು. ನಿಮಗೆ ನಲವತ್ತು ನಿಮಿಷಕ್ಕೆ ಸೊಂಟ ಹಿಡಿಯುತ್ತದೆ ಅಂದರೆ ಅರ್ಧ ಗಂಟೆಗೇ ಎದ್ದು ನೀರು ಕುಡಿದು ಬನ್ನಿ. ಕೆಲಸ ಚೆನ್ನಾಗಿ ಓಡುತ್ತಿರುವಾಗ ಏಳುವುದು ಕಷ್ಟ, ಗೊತ್ತು. ಒಳ್ಳೆಯ ದಿನ ಸಿಕ್ಕಿತು ಅಂತ ಬಾಕಿಯೆಲ್ಲ ಒಂದೇ ದಿನ ಮಾಡಿ, ಮರುದಿನ ಮಲಗುವವರೇ ಜಾಸ್ತಿ. ತಲೆ ತಿಳಿಯಾಗಿರುವ ಹೊತ್ತು ಯಾವುದು ಅಂತ ನೋಡಿಕೊಂಡು, ಬಿಲ್ ಹೊಡೆಯುವಂಥ ಗಮನದ ಕೆಲಸ ಆಗ ಇಟ್ಟುಕೊಳ್ಳಿ. ನಡಿಗೆ ಬಿಡಬೇಡಿ. ಅದು ನೋವಿಗೂ ನಿದ್ದೆಗೂ ತಲೆಗೂ ಒಟ್ಟಿಗೆ ಕೆಲಸ ಮಾಡುತ್ತದೆ.

ಬನಶಂಕರಿ ಬಸ್ಸು

ನಡಿಗೆ ಸರಿ, ಫುಟ್‌ಪಾತ್ ಎಲ್ಲಿ ಸ್ವಾಮಿ? 😀 ಸೊಂಟ ನೋವಿರುವವರಿಗೆ ನನ್ನ ಸಲಹೆ: ಬಸ್ಸಿನಲ್ಲಿ ಹಿಂದಿನ ಸೀಟು ಬೇಡವೇ ಬೇಡ. ಹಿಂದಿನ ಚಕ್ರ ಗುಂಡಿಗೆ ಇಳಿದರೆ ಹಲ್ಲು ಕಡಿದುಕೊಳ್ಳುವ ಹಾಗೆ ಆಗುತ್ತದೆ. ಮಧ್ಯದಲ್ಲಿ ಕೂತ್ಕೊಳ್ಳಿ. ಹಂಪಿನ ರಸ್ತೆಯಲ್ಲಿ ಆಟೋಗಿಂತ ಮೆಟ್ರೋ ಎಷ್ಟೋ ವಾಸಿ. ಆಫೀಸ್ ತಲುಪುವಷ್ಟರಲ್ಲೇ ಅರ್ಧ ತಲೆ ಖಾಲಿಯಾಗಿದ್ದರೆ ಬಿಲ್ ನಂಬರ್ ಎಲ್ಲಿ ನೆನಪಿರುತ್ತೆ?

ನರಗಳ ಓದುಗ

ಮೊದಲ ಪ್ರಶ್ನೆಯಲ್ಲಿದ್ದ ಹೆದರಿಕೆಗೆ ಯಾರೂ ನೇರ ಉತ್ತರ ಕೊಟ್ಟಿಲ್ಲ. ಡಿಮೆನ್ಷಿಯಾ ಹೌದೋ ಅಲ್ಲವೋ ಅಂತ ಇಲ್ಲಿ ಯಾರೂ ಹೇಳಲಾಗದು. ಆದರೆ ಸಾಮಾನ್ಯವಾಗಿ ವ್ಯತ್ಯಾಸ ಹೀಗೆ. ನೋವಿನ ಮರೆವು ನೋವಿನ ಜೊತೆ ಏರಿಳಿಯುತ್ತದೆ. ಸುಳಿವು ಕೊಟ್ಟರೆ "ಹಾಂ, ಹೌದಲ್ವಾ" ಅನ್ನಿಸುತ್ತದೆ. ಮರೆಯುತ್ತಿದ್ದೇನೆ ಅನ್ನುವುದು ಮೊದಲು ಗೊತ್ತಾಗುವುದು ನಮಗೇ. ಡಿಮೆನ್ಷಿಯಾದಲ್ಲಿ ಹೆಚ್ಚಾಗಿ ಮನೆಯವರು ಮೊದಲು ಗಮನಿಸುತ್ತಾರೆ. ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ, ದಿನಾ ಹೋಗುವ ರಸ್ತೆ ತಪ್ಪುತ್ತದೆ, ಗೊತ್ತಿದ್ದ ಕೆಲಸದ ಕ್ರಮವೇ ತಪ್ಪುತ್ತದೆ. ಅಂಥದ್ದು ಕಂಡರೆ ತಡ ಮಾಡಬಾರದು.

ತಪ್ಪೆಲ್ಲ ನೋವಿನ ಮೇಲೆ ಹಾಕುವ ಮೊದಲು ರಕ್ತ ಪರೀಕ್ಷೆಯೂ ಆಗಲಿ. ಥೈರಾಯ್ಡ್, ಹಿಮೋಗ್ಲೋಬಿನ್, ಸಕ್ಕರೆ, ಬಿ12. ಸಸ್ಯಾಹಾರಿಗಳಲ್ಲಿ ಮತ್ತು ಬಹಳ ದಿನ ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್ ತಗೊಂಡವರಲ್ಲಿ ಬಿ12 ಕಡಿಮೆ ಇರುವುದು ಸಾಮಾನ್ಯ. ಅದರಿಂದಲೂ ಮರೆವು, ಕಾಲಲ್ಲಿ ಜೋಮು ಬರುತ್ತದೆ. ಆದರೆ ಮೀಥೈಲ್‌ಕೋಬಾಲಮಿನ್ ಅನ್ನುವುದೇ ಬಿ12. ಅದನ್ನು ಆಗಲೇ ನುಂಗುತ್ತಿದ್ದರೆ ರಕ್ತದ ಅಂಕಿ ಏರಿ ಕಾಣಬಹುದು. ಹಾಗಾಗಿ ಪರೀಕ್ಷೆ ಬರೆಯುವ ಡಾಕ್ಟರಿಗೆ ಹೇಳಿ. ಮನಸ್ಸು ಕುಗ್ಗಿ ಏನೂ ಬೇಡ ಅನ್ನಿಸುತ್ತಿದ್ದರೆ ಅದನ್ನೂ ಹೇಳಿ. ಫೋನಿನಲ್ಲಿ ಮಾತಾಡಬೇಕೆಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416. ಕನ್ನಡದಲ್ಲೇ ಮಾತಾಡುತ್ತಾರೆ.

ಶ್ರೀನಗರದ ಸೊಸೆ

ಕೆಲವು ದಿನ ಬಿಟ್ಟು ಬಂದೆ. ಡಾಕ್ಟರ್ ಈ ಸಲ ಕೂತು ಕೇಳಿದರು, ಬಹುಶಃ ನಾನು ಬರೆದುಕೊಂಡು ಹೋಗಿದ್ದಕ್ಕೆ. ರಾತ್ರಿ ಮಾತ್ರೆಯನ್ನು ಒಂಬತ್ತಕ್ಕೆ ತರಿಸಿದ್ದಾರೆ, ರಕ್ತಕ್ಕೆ ಕೊಟ್ಟಿದ್ದೇನೆ. ಬೆಳಗಿನ ಭಾರ ಸ್ವಲ್ಪ ಇಳಿದಿದೆ. ನೋವು ಇದ್ದ ಹಾಗೇ ಇದೆ.

ಆಫೀಸಿನಲ್ಲಿ ಬಿಲ್ಲಿನ ಮೇಲೆ ಸ್ಕೇಲ್ ಇಟ್ಟು, ನಂಬರನ್ನು ಎರಡೆರಡು ಅಂಕಿಯಾಗಿ ಬಾಯಲ್ಲಿ ಮೆಲ್ಲಗೆ ಹೇಳಿಕೊಂಡು ಹೊಡೆಯುತ್ತೇನೆ. ಪಕ್ಕದ ಸೀಟಿನ ಹುಡುಗ "ಮೇಡಂ, ಜಪ ಮಾಡ್ತಿದ್ದೀರಾ" ಅಂದ. ಮಾಡು ಅಂತ ಅವನಿಗೂ ಹೇಳಿದೆ, ಅವನದೂ ತಪ್ಪು ಇರುತ್ತದೆ.

ಇನ್ನೊಂದು ಪ್ರಶ್ನೆ. ನೆನಪಿನ ಪರೀಕ್ಷೆ ಮಾಡಿಸಿಬಿಡೋಣ, ಮನಸ್ಸಿಗೆ ನೆಮ್ಮದಿ ಅನ್ನುತ್ತಾರೆ ನಮ್ಮೆಜಮಾನರು. ನಿಮ್ಹಾನ್ಸ್‌ನಲ್ಲಿ ಮಾಡುತ್ತಾರಂತೆ. ಹೇಗಿರುತ್ತದೆ?

ನರಗಳ ಓದುಗ

ಮಾಡುತ್ತಾರೆ. ನಮ್ಮ ಜನರ ವಯಸ್ಸು, ಓದು ನೋಡಿ ಅಂಕ ಅಳೆಯುವ ಪರೀಕ್ಷೆಗಳ ಗುಚ್ಛವನ್ನು ಅವರೇ 2004ರಲ್ಲಿ ಹೊರತಂದಿದ್ದಾರೆ. ಪದಗಳ ಪಟ್ಟಿ ಹೇಳಿ ಮತ್ತೆ ಕೇಳುವುದು, ಚಿತ್ರ ನೋಡಿ ಬರೆಯುವುದು, ಗಮನ ಮತ್ತು ವೇಗದ ಪರೀಕ್ಷೆ, ಹೀಗೆ ಗಂಟೆಗಟ್ಟಲೆ ಹಿಡಿಯುತ್ತದೆ. ಮೊದಲು ಡಾಕ್ಟರ್ ನೋಡಿ, ಬೇಕು ಅನ್ನಿಸಿದರೆ ಬರೆದುಕೊಡುತ್ತಾರೆ. ಕನ್ನಡಕ ಮರೆಯಬೇಡಿ. ಆ ದಿನ ಮಾತ್ರೆ ಬಿಡಬೇಡಿ. ಬಹಳ ಹೊತ್ತು ಕೂರಲಾಗದು, ನಡುವೆ ಏಳಬೇಕಾಗುತ್ತದೆ ಅಂತ ಶುರುವಿನಲ್ಲೇ ಹೇಳಿ. ನೋವು ಎಷ್ಟಿತ್ತು ಅಂತ ಬರೆದುಕೊಳ್ಳಲು ಹೇಳಿ. ನೋವು ಏರಿದ ದಿನದ ಅಂಕಕ್ಕೂ ಇಳಿದ ದಿನದ ಅಂಕಕ್ಕೂ ವ್ಯತ್ಯಾಸ ಇರುತ್ತದೆ.

ಬಾದಾಮಿ ಹಾಲು

ಬೆಳಿಗ್ಗೆ ತಿಂಡಿ ತಿಂದು ಹೋಗಿ. ಸಾಲು ಉದ್ದ ಇರುತ್ತೆ.